ದುಡ್ಡಿತ್ತು, ಪೋರ್ಟಲ್ ಬಿತ್ತು

ಸರ್ವರ್ ಲೋಡ್ ಬಗ್ಗೆ ನಾವು ಕ್ಲಾಸಲ್ಲಿ ಓದ್ತೀವಲ್ಲ, ಅದಕ್ಕೆ ಅಮೆರಿಕದ ಒಂದು ನಿಜವಾದ ಉದಾಹರಣೆ ನೋಡೋಣ.

ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ಅಲ್ಲಿನ ನಾಟಕದ ಥಿಯೇಟರ್, ಸಂಗೀತದ ಹಾಲ್‌ಗಳು ಮುಚ್ಚಿದವು. ಟಿಕೆಟ್ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಡಿಸೆಂಬರ್ 27ಕ್ಕೆ 1,500 ಕೋಟಿ ಡಾಲರ್ ನೆರವಿನ ಕಾನೂನು ಬಂತು. ಹೆಸರು 'ಶಟರ್ಡ್ ವೆನ್ಯೂ ಆಪರೇಟರ್ಸ್ ಗ್ರಾಂಟ್'. ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲ.

ಲೆಕ್ಕ ಸುಲಭ: 2019ರ ಗಳಿಕೆಯ ಶೇ. 45, ಗರಿಷ್ಠ 1 ಕೋಟಿ ಡಾಲರ್. ಆ ವರ್ಷ ಪೂರ್ತಿ ನಡೆದು 10 ಲಕ್ಷ ಗಳಿಸಿದ್ದ ಥಿಯೇಟರ್‌ಗೆ ನಾಲ್ಕೂವರೆ ಲಕ್ಷ. ಆದಾಯದಲ್ಲಿ ಶೇ. 90 ಅಥವಾ ಅದಕ್ಕಿಂತ ಹೆಚ್ಚು ಕಳೆದುಕೊಂಡವರಿಗೆ ಮೊದಲ ಸರದಿ. ಇಷ್ಟರವರೆಗೆ ಯೋಜನೆ ಚೆನ್ನಾಗೇ ಇದೆ ಅಂತ ನಮಗನ್ನಿಸುತ್ತೆ.

ಆದ್ರೆ ಅರ್ಜಿ ಹಾಕೋ ಪೋರ್ಟಲ್ ತೆರೆದದ್ದು ಕಾನೂನಾಗಿ ನೂರು ದಿನ ದಾಟಿದ ಮೇಲೆ, 2021ರ ಏಪ್ರಿಲ್ 8ಕ್ಕೆ. ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಅದೇ ದಿನ ಮುಚ್ಚಿದರು. ಮತ್ತೆ ತೆರೆದದ್ದು ಏಪ್ರಿಲ್ 26ಕ್ಕೆ. ರಿಸಲ್ಟ್ ದಿನದ ವೆಬ್‌ಸೈಟ್ ನೆನಪಾಯ್ತಾ? ನಮಗಾದ್ರೆ ಒಂದು ರಾತ್ರಿ ನಿದ್ದೆ ಹೋಗುತ್ತೆ, ಅಷ್ಟೇ. ವರ್ಷದಿಂದ ಬಾಗಿಲು ಹಾಕಿದ್ದ ಹಾಲ್‌ಗೆ ಆ ಹದಿನೆಂಟು ದಿನ ಅಂದ್ರೆ ಅರ್ಧ ತಿಂಗಳಿನ ಬಾಡಿಗೆ. ಜೂನ್ ಶುರುವಾದಾಗಲೂ ಹೆಚ್ಚಿನವರ ಖಾತೆಗೆ ದುಡ್ಡು ಬಂದಿರಲಿಲ್ಲ.