ಸೀತಾಳೆ ದಂಡೆ ಹಾಡು ಕೇಳಿತೇ?



ಎರಡು ವರ್ಷದ ಹಿಂದೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ‘ಸಂಗೀತಕ್ಕೆ ಹೂ ಬಿಟ್ಟ ಗಿಡ’ ಎಂದು ನಾನು ತೋರಿಸಿದ್ದು ನಿಮಗೆ ನೆನಪಿರಬಹುದು. ಮೊದಲ ಬಹುಮಾನವೂ ಬಂತು. ಆದರೆ ಅಂದು ನಾನು ಹೇಳಿದ್ದು ಸರಿ ಇರಲಿಲ್ಲ. ಅದನ್ನು ತಿಳಿಸಲೆಂದೇ ಈ ಲೇಖನ.

ಸೀತಾಳೆ ದಂಡೆ ನಮ್ಮ ಮಲೆನಾಡಿನ ಆರ್ಕಿಡ್. ಮಳೆಗಾಲ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ತಿಳಿ ಗುಲಾಬಿ ಹೂಗಳ ದಂಡೆ ಜೋತುಬೀಳುತ್ತದೆ. ಕೆಲವರು ಇದನ್ನೂ ಬಂದಳಿಕೆ ಅಂತಾರೆ. ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರವನ್ನು ಹಿಡಿದುಕೊಂಡು ಕೂರುತ್ತದೆ ಅಷ್ಟೆ, ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಅದರ ದಪ್ಪ ಬೇರಿನ ಮೇಲೆ ಬೆಳ್ಳಗಿನ ಸ್ಪಂಜಿನಂಥ ಪದರ ಇದೆ. ಮಳೆ ನೀರನ್ನು ಹೀರುವುದು ಅದೇ. ಒದ್ದೆಯಾದಾಗ ಬೇರು ಹಸಿರಾಗಿ ಕಾಣುತ್ತದೆ, ಬೇಕಾದ್ರೆ ನೋಡಿ. ಮಣ್ಣಿನಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆಯುತ್ತದೆ. ಆದ್ದರಿಂದ ತೆಂಗಿನ ಸಿಪ್ಪೆ ಇಟ್ಟು ಕೊಂಬೆಗೆ ಕಟ್ಟಬೇಕು.

ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ನನಗೆ ಎರಡು ಗಿಡ ಸಿಕ್ಕಿದ್ದವು. ಒಂದನ್ನು ಜಗಲಿ ಎದುರಿನ ಸಂಪಿಗೆ ಮರಕ್ಕೆ, ಇನ್ನೊಂದನ್ನು ಕೊಟ್ಟಿಗೆ ಹಿಂದಿನ ಹಲಸಿನ ಮರಕ್ಕೆ ಕಟ್ಟಿದೆ. ಜಗಲಿಯಲ್ಲಿ ದಿನಾ ರೇಡಿಯೋ ಹಾಡುತ್ತಿತ್ತು. ಸಂಪಿಗೆ ಮರದ್ದು ಹೂ ಬಿಟ್ಟಿತು, ಹಲಸಿನ ಮರದ್ದು ಬಿಡಲಿಲ್ಲ. ಹಾಡಿನಿಂದಲೇ ಅಂತ ತೀರ್ಮಾನ ಮಾಡಿಬಿಟ್ಟೆ!

ನಮ್ಮ ವಿಜ್ಞಾನದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: “ರೇಡಿಯೋ ಬಿಟ್ರೆ ಎರಡು ಗಿಡಕ್ಕೂ ಬೇರೆ ಏನೂ ವ್ಯತ್ಯಾಸ ಇರಲಿಲ್ವಾ?” ನನಗೆ ಉತ್ತರ ಗೊತ್ತಿರಲಿಲ್ಲ. ಮರುವರ್ಷ ಗಿಡಗಳನ್ನು ಮುಟ್ಟದೆ ರೇಡಿಯೋವನ್ನು ಮಾತ್ರ ಕೊಟ್ಟಿಗೆ ಕಡೆ ಇಟ್ಟೆ. ಆಗಲೂ ಹೂ ಬಿಟ್ಟಿದ್ದು ಸಂಪಿಗೆ ಮರದ ಗಿಡವೇ. ಏನಿದು ಅಂತ ಯೋಚಿಸುತ್ತಿದ್ದಾಗ ಅಜ್ಜಿ ನಕ್ಕು ಹೇಳಿದರು: “ತುಳಸಿಗೆ ಹಾಕಿ ಉಳಿದ ನೀರನ್ನ ನಾನು ದಿನಾ ಅದಕ್ಕೇ ಎರಚೋದು ಕಣೇ.” ಈ ವರ್ಷ ರೇಡಿಯೋ ಇಲ್ಲದೆ, ಬೇಸಿಗೆಯಿಡೀ ಎರಡಕ್ಕೂ ನೀರು ಚಿಮುಕಿಸಿದೆ. ಎರಡೂ ಹೂ ಬಿಟ್ಟವು. ಎರಡೇ ಗಿಡದಿಂದ ಎಲ್ಲವೂ ಸಾಬೀತಾಗುವುದಿಲ್ಲ, ನಿಜ. ಆದರೆ ನನ್ನ ಮೊದಲಿನ ಮಾತಿಗೆ ಆಧಾರ ಉಳಿಯಲಿಲ್ಲ.

ಹಾಗಾದರೆ ಗಿಡಗಳಿಗೆ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಜಗದೀಶಚಂದ್ರ ಬೋಸರು (1858–1937) ಕ್ರೆಸ್ಕೋಗ್ರಾಫ್ ಎಂಬ ಯಂತ್ರದಿಂದ ಗಿಡದ ಅತಿ ಸೂಕ್ಷ್ಮ ಬೆಳವಣಿಗೆಯನ್ನೂ ದೊಡ್ಡದಾಗಿ ತೋರಿಸಿದರು. ದುಂಬಿ ಗುಂಯ್ ಎಂದು ಅದುರಿಸಿದಾಗ ಬದನೆ ಹೂವಿನ ಪರಾಗ ಉದುರುತ್ತದೆ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಅಪೆಲ್ ಮತ್ತು ಕಾಕ್ರಾಫ್ಟ್ ಅವರ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಹುಳ ಎಲೆ ತಿನ್ನುವಾಗ ಆಗುವ ಕಂಪನವನ್ನು ಅವರು ಸಾಸಿವೆ ಜಾತಿಯ ಸಣ್ಣ ಗಿಡಕ್ಕೆ ಕೊಟ್ಟರು. ಆಮೇಲೆ ನಿಜವಾದ ಹುಳ ಬಿಟ್ಟಾಗ ಆ ಗಿಡ ಹುಳಕ್ಕೆ ಹಿಡಿಸದ ರಾಸಾಯನಿಕವನ್ನು ಹೆಚ್ಚು ತಯಾರಿಸಿತು. ಗಾಳಿಯ ಕಂಪನ ಕೊಟ್ಟಾಗ ಹಾಗಾಗಲಿಲ್ಲ. ಅಂದರೆ ಗಿಡಕ್ಕೆ ಕಿವಿ ಇಲ್ಲದಿದ್ದರೂ ತನ್ನ ಬದುಕಿಗೆ ಬೇಕಾದ ಅದುರು ತಿಳಿಯುತ್ತದೆ. ಅದನ್ನೇ ‘ಹಾಡು ಇಷ್ಟ’ ಅನ್ನಲಾಗದು.

ಇಷ್ಟೆಲ್ಲ ಬರೆಯಲು ಕಾರಣ ಇದೆ. ನನ್ನ ಮಾತು ನಂಬಿ ಏಳನೇ ತರಗತಿಯ ತಮ್ಮನೊಬ್ಬ ಕಾಡಿನಿಂದ ಸೀತಾಳೆ ಕಿತ್ತು ತಂದು, ದಿನಾ ಹಾಡು ಹಾಕಿದ. ನೀರು ಮರೆತ. ಗಿಡ ಒಣಗಿಹೋಯಿತು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಒಳಗೆ ಆಹಾರ ಇರುವುದಿಲ್ಲ. ತಕ್ಕ ಶಿಲೀಂಧ್ರದ ನೆರವಿದ್ದರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು.

ಆದ್ದರಿಂದ ಮರದಲ್ಲಿರುವುದನ್ನು ಕೀಳಬೇಡಿ. ಬಿದ್ದದ್ದು ಸಿಕ್ಕರೆ ಕಟ್ಟಿ, ನೀರು ಚಿಮುಕಿಸಿ. ಹಾಡು ನಿಮಗೆ ಖುಷಿಯಾದರೆ ಹಾಡಿಕೊಳ್ಳಿ!

— 10ನೇ ತರಗತಿ ವಿದ್ಯಾರ್ಥಿನಿ