ತೂಕದ ಕಲ್ಲು ಒಂದೇ ಇರಲಿ: ಮಹಾಭಿಯೋಗದ ಬಗ್ಗೆ ಚರ್ಚಾಪಟುಗಳಿಗೊಂದು ಪಾಠ

ನಮ್ಮ ಸಂಘದ ಕಳೆದ ಚರ್ಚಾಕೂಟದ ವಿಷಯ ನಿಮಗೆ ನೆನಪಿರಬಹುದು: 'ರಾಷ್ಟ್ರಪತಿ ತಪ್ಪಿ ನಡೆದರೆ ಸಂಸತ್ತು ಅವರನ್ನು ಇಳಿಸಬೇಕೆ?' ಪರವಾಗಿ ನಾಲ್ವರು, ವಿರೋಧವಾಗಿ ನಾಲ್ವರು ಮಾತಾಡಿದರು. ಎಲ್ಲರೂ ಚೆನ್ನಾಗಿಯೇ ಮಾತಾಡಿದರು, ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡರು. ಆದರೆ ಐದು ನಿಮಿಷ ಕಳೆಯುವಷ್ಟರಲ್ಲಿ ರಾಷ್ಟ್ರಪತಿಗಳು ಮರೆತೇ ಹೋದರು. 'ನಿಮ್ಮವರು ಮಾಡ್ಲಿಲ್ವಾ?' 'ನಿಮ್ಮವರು ಮಾಡಿದ್ದು ಅದಕ್ಕಿಂತ ಜಾಸ್ತಿ!' ಎಂಬ ಪಕ್ಷಜಗಳ ಶುರುವಾಯಿತು. ಕೂಟ ಮುಗಿದ ಮೇಲೂ ಅದು ಪರೇಲ್ ಸ್ಟೇಶನ್ನಿನ ಮೆಟ್ಟಿಲ ತನಕ ಮುಂದುವರಿಯಿತು. ಎಂಟು ಮಂದಿಯಲ್ಲಿ ಒಬ್ಬರ ಬಾಯಲ್ಲೂ ಸಂವಿಧಾನದ 61ನೆಯ ವಿಧಿಯ ಹೆಸರು ಬರಲಿಲ್ಲ. ಆ ಕೊರತೆ ತುಂಬಲೆಂದು ಈ ಲೇಖನ. ಭಾಷಣ ಹೇಗೆ ಮಾಡಬೇಕೆಂದು ಹೇಳುವುದಕ್ಕಲ್ಲ. ತೀರ್ಮಾನಕ್ಕೆ ಬರುವ ಮೊದಲು ಏನನ್ನು ನೋಡಬೇಕು ಎಂದು ಹೇಳುವುದಕ್ಕೆ.

ಮೊದಲು ಶಬ್ದ

ನಾವು ಕನ್ನಡದ ವಿದ್ಯಾರ್ಥಿಗಳು, ಶಬ್ದದಿಂದಲೇ ಹೊರಡೋಣ. ಈ ಕ್ರಮಕ್ಕೆ ನಮ್ಮಲ್ಲಿ 'ಮಹಾಭಿಯೋಗ' ಅಂತಾರೆ, 'ವಾಗ್ದಂಡನೆ' ಅಂತಲೂ ಬರೆಯುತ್ತಾರೆ. ವಾಗ್ದಂಡನೆ ಎಂದರೆ ಮಾತಿನಿಂದ ದಂಡಿಸುವುದು, ನಾಲ್ಕು ಜನರೆದುರು ಬೈದು ಬಿಟ್ಟ ಹಾಗೆ. ಇಲ್ಲಿ ಹೋಗುವುದು ಮಾನ ಮಾತ್ರವಲ್ಲ, ಪದವಿಯೇ ಹೋಗುತ್ತದೆ. ಆದ್ದರಿಂದ ಆ ಶಬ್ದ ವಿಷಯಕ್ಕಿಂತ ಹಗುರ. 'ಪದಚ್ಯುತಿ' ಎನ್ನೋಣವೆಂದರೆ ಅದು ಕೊನೆಯ ಫಲದ ಹೆಸರು. 'ಅಭಿಯೋಗ' ಎಂದರೆ ಆರೋಪ, ಮೊಕದ್ದಮೆ. ಆರೋಪವಿದ್ದರೆ ವಿಚಾರಣೆ ಇರಲೇಬೇಕು, ವಿಚಾರಣೆಯ ನಂತರವೇ ತೀರ್ಪು. ಈ ಮೂರು ಮೆಟ್ಟಿಲು ಆ ಒಂದು ಶಬ್ದದಲ್ಲಿ ಅಡಗಿವೆ. ಚರ್ಚೆಯಲ್ಲಿ ನಾವು ಮಾಡುವ ಮೊದಲ ತಪ್ಪು ಎಂದರೆ ನಡುವಿನ ಮೆಟ್ಟಿಲನ್ನು ಹಾರುವುದು.

ವಿಧಿ ಏನು ಹೇಳುತ್ತದೆ?

61ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಯ ಮೇಲೆ ಹೊರಿಸಬಹುದಾದ ಆರೋಪ ಒಂದೇ ಒಂದು: ಸಂವಿಧಾನದ ಉಲ್ಲಂಘನೆ. ನಮಗೆ ಹಿಡಿಸಲಿಲ್ಲ, ನಮ್ಮ ಪಕ್ಷದವರಲ್ಲ, ಜನಕ್ಕೆ ಬೇಸರವಾಗಿದೆ ಎಂಬುದೆಲ್ಲ ಕಾರಣವಲ್ಲ. ಆರೋಪವನ್ನು ಲೋಕಸಭೆಯೂ ತರಬಹುದು, ರಾಜ್ಯಸಭೆಯೂ ತರಬಹುದು. ಆ ಸದನದ ಒಟ್ಟು ಸದಸ್ಯರಲ್ಲಿ ಕಾಲುಭಾಗದಷ್ಟು ಮಂದಿಯಾದರೂ ಸಹಿ ಹಾಕಿ 14 ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ನಂತರ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಒಪ್ಪಬೇಕು. ಆಗ ಇನ್ನೊಂದು ಸದನ ವಿಚಾರಣೆ ನಡೆಸುತ್ತದೆ. ಅಲ್ಲಿ ರಾಷ್ಟ್ರಪತಿ ತಾವೇ ಹಾಜರಾಗಬಹುದು, ತಮ್ಮ ಪರ ಬೇರೆಯವರನ್ನು ಕಳಿಸಲೂಬಹುದು. ಆ ಸದನದಲ್ಲೂ ಒಟ್ಟು ಸದಸ್ಯರ ಮೂರನೇ ಎರಡು ಭಾಗ 'ಆರೋಪ ಸಾಬೀತಾಗಿದೆ' ಎಂದರೆ ಅಂದಿನಿಂದಲೇ ಪದವಿ ಹೋಯಿತು.

'ಒಟ್ಟು ಸದಸ್ಯರ' ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಳ್ಳಿ. ಸದನಕ್ಕೆ ಬಾರದೆ ಮನೆಯಲ್ಲಿ ಕೂತವರೂ ಇಲ್ಲಿ 'ಬೇಡ' ಎಂದವರ ಲೆಕ್ಕಕ್ಕೇ ಸೇರುತ್ತಾರೆ. ಇನ್ನೊಂದು ವಿಚಿತ್ರ ನೋಡಿ: ರಾಷ್ಟ್ರಪತಿಯನ್ನು ಆರಿಸುವಾಗ ರಾಜ್ಯಗಳ ಶಾಸಕರಿಗೂ ಮತ ಉಂಟು, ಇಳಿಸುವಾಗ ಇಲ್ಲ. ಈವರೆಗೆ ನಮ್ಮ ಯಾವ ರಾಷ್ಟ್ರಪತಿಯ ಮೇಲೂ ಮಹಾಭಿಯೋಗ ನಡೆದಿಲ್ಲ. ಹಾಗಾದರೆ ಉದಾಹರಣೆಗೆ ಎಲ್ಲಿಗೆ ಹೋಗೋಣ? ದೂರ ಬೇಡ, ನಮ್ಮ ಜಮಖಂಡಿಗೇ ಹೋಗೋಣ.

ಸವಳಗಿಯಿಂದ ರಾಷ್ಟ್ರಪತಿ ಭವನಕ್ಕೆ

ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರಲ್ಲಿ, ಜಮಖಂಡಿ ತಾಲೂಕಿನ ಸವಳಗಿಯಲ್ಲಿ. ಜಮಖಂಡಿ ಸಂಸ್ಥಾನದ ದಿವಾನರಾಗಿದ್ದವರು. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಇದೇ ನಮ್ಮ ಮುಂಬಯಿಯ ವಿಧಾನಸಭೆಯಲ್ಲಿ ಕೂತರು. 1952ರ ಚುನಾವಣೆಯ ನಂತರ ಇಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾದರು. ಆಗಿನ ಮುಖ್ಯಮಂತ್ರಿ ಯಾರು ಗೊತ್ತೆ? ಮೊರಾರ್ಜಿ ದೇಸಾಯಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1958ರಿಂದ 1962ರವರೆಗೆ ಅಲ್ಲಿ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು.

ಮಾರ್ಚಿಯಲ್ಲಿ ಚುನಾವಣೆ. ಕಾಂಗ್ರೆಸ್ ಸೋತು ಜನತಾ ಪಕ್ಷ ಬಂತು. ಪ್ರಧಾನಿಯಾದವರು ಅದೇ ಮೊರಾರ್ಜಿ ದೇಸಾಯಿ! ಇಪ್ಪತ್ತೈದು ವರ್ಷದ ಹಿಂದೆ ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ, ಅವರೇ ಈಗ ಜತ್ತಿಯವರಿಗೆ ಸಲಹೆ ಕೊಡುವ ಸ್ಥಾನದಲ್ಲಿ ಬಂದು ಕೂತರು.

ಏಪ್ರಿಲ್‌ನಲ್ಲಿ ಗೃಹಮಂತ್ರಿ ಚರಣ್ ಸಿಂಗ್ ಅವರು ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳಿಗೆ ಹೇಳಿ ಕಳಿಸಿದರು: ಲೋಕಸಭೆಯಲ್ಲಿ ಜನ ನಿಮ್ಮನ್ನು ತಿರಸ್ಕರಿಸಿದ್ದಾರೆ, ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗಿ ಎಂದು. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಾಧೀಶರ ಪೀಠ ಏಪ್ರಿಲ್ 29ರಂದು ದಾವೆಗಳನ್ನು ತಳ್ಳಿಹಾಕಿತು. ಮಂತ್ರಿಮಂಡಲ ವಿಸರ್ಜನೆಯ ಘೋಷಣೆಗಳನ್ನು ಹಂಗಾಮಿ ರಾಷ್ಟ್ರಪತಿಯ ಸಹಿಗೆ ಕಳಿಸಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಯೋಚಿಸಬೇಕು ಎಂದರು. ದಿಲ್ಲಿಯಲ್ಲಿ ಕೋಲಾಹಲ ಎದ್ದಿತು. ಮಂತ್ರಿಮಂಡಲ ಮತ್ತೆ ಒತ್ತಿ ಹೇಳಿತು. ಮರುದಿನ, ಏಪ್ರಿಲ್ 30ರಂದು, ಸಹಿ ಬಿತ್ತು. ಆದದ್ದು ಒಂದು ದಿನದ ತಡ, ಅಷ್ಟೇ.

ವಿಷಯ ಮಹಾಭಿಯೋಗದ ತನಕ ಹೋಗಲಿಲ್ಲ. ಹೋಗಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ: ಲೋಕಸಭೆಯಲ್ಲಿ ಜನತಾ ಪಕ್ಷಕ್ಕೆ ಇದ್ದದ್ದು ಸುಮಾರು 300 ಸ್ಥಾನ, ಬೇಕಿದ್ದದ್ದು 360ಕ್ಕೂ ಹೆಚ್ಚು. ರಾಜ್ಯಸಭೆಯಲ್ಲಂತೂ ಕಾಂಗ್ರೆಸ್ಸಿಗೇ ಬಹುಮತ. ಲೆಕ್ಕ ಬಿಡಿ, ನಮಗೆ ಬೇಕಾದ್ದು ನ್ಯಾಯ. ಆ ಒಂದು ದಿನದ ತಡ ಸಂವಿಧಾನದ ಉಲ್ಲಂಘನೆಯೇ?

ಹೆಸರು ಮುಚ್ಚಿ ಓದುವುದು

ಒಂದು ಹಾಳೆ ತೆಗೆದುಕೊಂಡು ಎರಡು ಸಂಗತಿ ಬರೆಯಿರಿ, ಹೆಸರು ಮಾತ್ರ ಬೇಡ.

(ಅ) ಒಬ್ಬ ರಾಷ್ಟ್ರಪತಿ, ಮಂತ್ರಿಮಂಡಲ ಸೇರುವ ಮೊದಲೇ, ಪ್ರಧಾನಿಯ ಕೋರಿಕೆಯ ಮೇಲೆ ದೊಡ್ಡದೊಂದು ಘೋಷಣೆಗೆ ರಾತ್ರೋರಾತ್ರಿ ಸಹಿ ಹಾಕಿದರು.

(ಆ) ಒಬ್ಬ ರಾಷ್ಟ್ರಪತಿ, ಮಂತ್ರಿಮಂಡಲ ಒಪ್ಪಿ ಕಳಿಸಿದ, ಸುಪ್ರೀಂ ಕೋರ್ಟೂ ತಡೆಯದ ಘೋಷಣೆಗಳಿಗೆ ಸಹಿ ಹಾಕಲು ಒಂದು ದಿನ ತಡಮಾಡಿದರು.

ಯಾರದ್ದು ತಪ್ಪು? (ಅ) ಎಂದರೆ 1975ರ ಜೂನ್ 25ರ ರಾತ್ರಿ, ತುರ್ತುಪರಿಸ್ಥಿತಿಗೆ ಸಹಿ ಹಾಕಿದ ಫಕ್ರುದ್ದೀನ್ ಅಲಿ ಅಹಮದ್. ಮಂತ್ರಿಮಂಡಲ ಸೇರಿದ್ದು ಮರುದಿನ ಬೆಳಿಗ್ಗೆ. ಸ್ನಾನದ ತೊಟ್ಟಿಯಲ್ಲಿ ಕೂತೇ ಸಹಿ ಮಾಡುವ ರಾಷ್ಟ್ರಪತಿಯನ್ನು ಬರೆದು ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಅವರು ದೇಶವನ್ನೇ ನಗಿಸಿದರು, ಅಳಿಸಿದರು. ಹೃದಯ ಕೇಳಿದರೆ ದೊಡ್ಡ ತಪ್ಪು ಅಲ್ಲಿಯೇ. ಸಾವಿರಾರು ಜನ ಸೆರೆಮನೆಗೆ ಹೋದದ್ದು ಆ ಸಹಿಯಿಂದ. ಆದರೆ ವಿಧಿಯ ಅಕ್ಷರ ಬೇರೆ ಹೇಳುತ್ತದೆ. 1975ರಲ್ಲಿ 352ನೆಯ ವಿಧಿ ಮಂತ್ರಿಮಂಡಲದ ಲಿಖಿತ ನಿರ್ಣಯ ಬೇಕೆಂದು ಕೇಳುತ್ತಿರಲಿಲ್ಲ. 1976ರ 42ನೆಯ ತಿದ್ದುಪಡಿಯೋ, ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು ಬಿಗಿಮಾಡಿತ್ತು. ಅಂದರೆ ಅಕ್ಷರಕ್ಕೆ ಅಂಟಿಕೊಂಡರೆ, ರಾತ್ರೋರಾತ್ರಿ ಸಹಿ ಹಾಕಿದವರಿಗಿಂತ ಒಂದು ದಿನ ಯೋಚಿಸಿದವರೇ ಆರೋಪಕ್ಕೆ ಹತ್ತಿರವಾಗುತ್ತಾರೆ!

ಈ ತುತ್ತು ನನಗೂ ಗಂಟಲಲ್ಲಿ ಇಳಿಯಲಿಲ್ಲ. ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಜತ್ತಿಯವರು ನಮ್ಮವರು, ಕನ್ನಡಿಗರು, ಬಸವ ಸಮಿತಿ ಕಟ್ಟಿದವರು ಎಂಬ ಅಭಿಮಾನ ಒಳಗೆ ಕೂತಿತ್ತು. ಊರು ಬಿಟ್ಟು ಇಲ್ಲಿ ಬಾಳುವ ನಮಗೆ ಈ ಅಭಿಮಾನ ತುಸು ಹೆಚ್ಚೇ. ಪಕ್ಷವೆಂದರೆ ಬಾವುಟ ಹಿಡಿದದ್ದು ಮಾತ್ರ ಅಲ್ಲ, ಭಾಷೆಯೂ ಒಂದು ಪಕ್ಷವಾಗಬಹುದು ಎಂದು ಅವತ್ತು ತಿಳಿಯಿತು.

ಅಭಿಮಾನವನ್ನು ಪಕ್ಕಕ್ಕಿಟ್ಟರೂ ಜತ್ತಿಯವರ ಪರ ಹೇಳಲು ಉಳಿಯುವ ಮಾತು ಒಂದಿದೆ: ಸಲಹೆಯಂತೆ ನಡೆಯಬೇಕು ಎಂದಿದ್ದರೂ ಓದಿ ಯೋಚಿಸಲು ಸಮಯವೇ ಕೊಡಬಾರದೆಂದು ಎಲ್ಲೂ ಬರೆದಿರಲಿಲ್ಲ, ಕೊನೆಗೆ ಅವರು ಸಲಹೆಯಂತೆಯೇ ನಡೆದರು. ವಿರುದ್ಧ ಹೇಳುವ ಮಾತೂ ಇದೆ: ಅವರು ಕಾಂಗ್ರೆಸ್ಸಿನಿಂದ ಬಂದವರು, ತಡದಿಂದ ಅನುಕೂಲ ಕಾಂಗ್ರೆಸ್ಸಿಗೇ ಆಗುತ್ತಿತ್ತು. ಹೊಸ ರಾಷ್ಟ್ರಪತಿಯ ಚುನಾವಣೆ ಆಗಸ್ಟಿನೊಳಗೆ ಆಗಬೇಕಿತ್ತು, ಅದರಲ್ಲಿ ಶಾಸಕರಿಗೆ ಮತ. ಆ ಒಂಬತ್ತು ವಿಧಾನಸಭೆಗಳು ಉಳಿದರೆ ಒಬ್ಬರಿಗೆ ಲಾಭ, ಹೋದರೆ ಇನ್ನೊಬ್ಬರಿಗೆ. ತತ್ತ್ವದ ಮಾತು ಎರಡೂ ಕಡೆ ಕೇಳಿಸಿತು, ಲೆಕ್ಕ ಎರಡೂ ಕಡೆ ಇತ್ತು.

ಆಮೇಲೆ ಬಂದ 1978ರ 44ನೆಯ ತಿದ್ದುಪಡಿ ಎರಡು ಕಡೆಯನ್ನೂ ದುರಸ್ತಿ ಮಾಡಿತು. ತುರ್ತುಪರಿಸ್ಥಿತಿ ಸಾರಲು ಮಂತ್ರಿಮಂಡಲದ ಲಿಖಿತ ನಿರ್ಣಯ ಬೇಕೇ ಬೇಕು ಎಂದಿತು. ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಕ್ಕೆ ಕಳಿಸುವ ಹಕ್ಕನ್ನು ರಾಷ್ಟ್ರಪತಿಗೆ ಕೊಟ್ಟಿತು. ಜತ್ತಿಯವರು ಹಕ್ಕಿಲ್ಲದೆ ತೆಗೆದುಕೊಂಡ ಒಂದು ದಿನ ಮುಂದಿನವರಿಗೆ ಹಕ್ಕಾಗಿಯೇ ಬಂತು!

ಕಲ್ಲು ಕೈ ಬದಲಿಸಿದಾಗ

ಕಥೆ ಅಲ್ಲಿಗೆ ಮುಗಿಯಲಿಲ್ಲ. 1980ರಲ್ಲಿ ಕಾಂಗ್ರೆಸ್ ಮರಳಿ ಬಂತು. ಫೆಬ್ರವರಿ 17ರಂದು ಅದೂ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ನಮ್ಮ ಮಹಾರಾಷ್ಟ್ರವೂ ಅದರಲ್ಲಿತ್ತು, ಶರದ್ ಪವಾರ್ ಅವರ ಸರಕಾರ ಹೋಯಿತು. 1977ರಲ್ಲಿ 'ರಾಜ್ಯಗಳ ಕತ್ತು ಹಿಸುಕುತ್ತೀರಾ' ಎಂದವರು ಈಗ 'ಜನಾದೇಶ' ಎಂದರು. ಆಗ 'ಜನಾದೇಶ' ಎಂದವರು ಈಗ ಕತ್ತಿನ ಮಾತಾಡಿದರು.

ಲಾಲ್‌ಬಾಗಿನ ಮೆಣಸಿನಕಾಯಿ ಗಲ್ಲಿಯಲ್ಲಿ ಕೊಳ್ಳುವಾಗೊಂದು ಕಲ್ಲು, ಮಾರುವಾಗೊಂದು ಕಲ್ಲು ಇಟ್ಟ ಅಂಗಡಿಯವನನ್ನು ನೀವು ಸುಮ್ಮನೆ ಬಿಡುತ್ತೀರಾ? ಚರ್ಚಾವೇದಿಕೆಯಲ್ಲಿ ಮಾತ್ರ ನಾವೇ ಎರಡು ಕಲ್ಲು ಇಟ್ಟುಕೊಳ್ಳುತ್ತೇವೆ, ಚಪ್ಪಾಳೆಯನ್ನೂ ತೆಗೆದುಕೊಳ್ಳುತ್ತೇವೆ.

ಎರಡು ಕಲ್ಲಿನ ಪರಿಣಾಮ ನೋಡಬೇಕಾದರೆ 1993ರ ಮೇ 11ಕ್ಕೆ ಬನ್ನಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರನ್ನು ತೆಗೆಯುವ ಗೊತ್ತುವಳಿ ಲೋಕಸಭೆಯ ಮುಂದಿತ್ತು. ಮೂವರು ನ್ಯಾಯಾಧೀಶರ ಸಮಿತಿ ಹಲವು ಆರೋಪಗಳು ಸಾಬೀತಾಗಿವೆ ಎಂದು ಮೊದಲೇ ವರದಿ ಕೊಟ್ಟಿತ್ತು. ಮತ ಬಿದ್ದದ್ದು ಹೀಗೆ: ಪರ 196, ವಿರುದ್ಧ ಸೊನ್ನೆ, ಮತ ಹಾಕದೆ ಕೂತವರು 205. ಕಾಂಗ್ರೆಸ್ ಮತ್ತು ಅದರ ಮಿತ್ರರು ಮತ ಹಾಕಲಿಲ್ಲ. 'ಆರೋಪ ಸುಳ್ಳು' ಎಂದು ಒಬ್ಬರ ಮತವೂ ಹೇಳಲಿಲ್ಲ, ಆದರೂ ಗೊತ್ತುವಳಿ ಬಿತ್ತು. ಸುಮ್ಮನೆ ಕೂರುವುದೂ ಒಂದು ತೀರ್ಪು.

ಅಮೇರಿಕದಲ್ಲಿ ಇದರ ಎದುರು ಉದಾಹರಣೆ ಸಿಗುತ್ತದೆ. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಒಂದೇ ಮತದಿಂದ ಉಳಿದರು: ತಪ್ಪಿತಸ್ಥ ಎಂದವರು 35, ಅಲ್ಲ ಎಂದವರು 19, ಬೇಕಿದ್ದದ್ದು 36. ಆರೋಪ ತಂದ ರಿಪಬ್ಲಿಕನ್ ಪಕ್ಷದ ಏಳು ಸೆನೆಟರುಗಳೇ ತಮ್ಮವರನ್ನು ಬಿಟ್ಟು ಆಚೆ ನಿಂತರು. 2021ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಎರಡನೇ ವಿಚಾರಣೆಯಲ್ಲೂ ಅವರದೇ ರಿಪಬ್ಲಿಕನ್ ಪಕ್ಷದ ಏಳು ಮಂದಿ ಅವರ ವಿರುದ್ಧ ಮತ ಹಾಕಿದರು. 57-43 ಆದರೂ ಮೂರನೇ ಎರಡು ಭಾಗ ಆಗಲಿಲ್ಲ. ಮೊದಲನೆಯ ಏಳು ಮಂದಿ ಸರಿಯೇ, ಎರಡನೆಯ ಏಳು ಮಂದಿ ಸರಿಯೇ ಎಂದು ನೀವು ವಾದಿಸಿ. ನಾನು ಹೇಳುವುದಿಷ್ಟು: ಮೂರನೇ ಎರಡು ಭಾಗ ಎಂಬ ಎತ್ತರದ ಹೊಸ್ತಿಲನ್ನು ಇಟ್ಟದ್ದೇ, ಆಚೆಯವರಲ್ಲಿ ಕೆಲವರಾದರೂ ಪಕ್ಷ ಮರೆತು ಸಾಕ್ಷ್ಯ ನೋಡಿಯಾರು ಎಂಬ ನಂಬಿಕೆಯಿಂದ. ಯಾರೂ ಆಚೆ ಹೋಗದ ದೇಶದಲ್ಲಿ 61ನೆಯ ವಿಧಿ ಪುಸ್ತಕದಲ್ಲಿ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಅಭ್ಯಾಸಕ್ಕೆ

1. ಮುಂದಿನ ಕೂಟಕ್ಕೆ ಬರುವ ಮೊದಲು ನಿಮ್ಮ ಅಳತೆಗೋಲನ್ನು ಒಂದೇ ವಾಕ್ಯದಲ್ಲಿ ಬರೆದು ತನ್ನಿ: 'ರಾಷ್ಟ್ರಪತಿ ಇಂಥದ್ದು ಮಾಡಿದರೆ ಉಲ್ಲಂಘನೆ.' ಹೆಸರು ಬೇಡ.

2. ಹಂಗಾಮಿ ರಾಷ್ಟ್ರಪತಿಗೆ 65ನೆಯ ವಿಧಿ ರಾಷ್ಟ್ರಪತಿಯ ಎಲ್ಲ ಅಧಿಕಾರ, ರಕ್ಷಣೆ ಕೊಡುತ್ತದೆ. ಉಪರಾಷ್ಟ್ರಪತಿಯನ್ನೋ 67ನೆಯ ವಿಧಿಯಂತೆ ರಾಜ್ಯಸಭೆಯ ಬಹುಮತದಿಂದ, ಲೋಕಸಭೆಯ ಒಪ್ಪಿಗೆಯಿಂದ ತೆಗೆಯಬಹುದು. ಹಾಗಾದರೆ ಜತ್ತಿಯವರಂಥ ಸ್ಥಾನದಲ್ಲಿದ್ದವರಿಗೆ ಯಾವ ದಾರಿ ಅನ್ವಯಿಸಬೇಕು? ಎರಡೂ ಕಡೆ ವಾದಿಸಿ.

3. ಕೂಟದ ನಡುವೆ ಗಂಟೆ ಹೊಡೆದಾಗ ಪರದವರು ವಿರೋಧಕ್ಕೂ ವಿರೋಧದವರು ಪರಕ್ಕೂ ಹೋಗಬೇಕು. ಬರೆದು ತಂದ ವಾಕ್ಯವನ್ನು ಮಾತ್ರ ಬದಲಿಸುವಂತಿಲ್ಲ.

ಮೂರನೆಯದು ಕಷ್ಟ. ಮಾಡಿ ನೋಡಿ. ಆಮೇಲೆ ಸ್ಟೇಶನ್ನಿನ ತನಕ ಜಗಳಾಡುತ್ತ ಹೋದರೂ ಅಡ್ಡಿಯಿಲ್ಲ, ಆ ಜಗಳ ಕೇಳುವುದಕ್ಕೆ ನಾನೂ ಜೊತೆಗೆ ಬರ್ತೇನೆ.