ಶ್ರವಣ ಪಾಠಗಳ ತಯಾರಿ: ಪರದೆಯೊಡನೆ ಗಣಕದ ಒಳಧ್ವನಿಯನ್ನು ದಾಖಲಿಸುವ ಕ್ರಮ

ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಬಂದವರಿಗೆ ತಾಳವಾಡಿ ಬೆಟ್ಟಪ್ರದೇಶದಲ್ಲಿ ಕಿವಿಗೆ ಬೀಳುವುದು ಚಾಮರಾಜನಗರದ ಕಡೆಯ ಕನ್ನಡ. ಆ ಆಡುಮಾತಿನಲ್ಲಿ ಪದದ ಮೊದಲ ಹಕಾರವು ಅನೇಕ ವೇಳೆ ಬಿದ್ದುಹೋಗುತ್ತದೆ. ‘ಹಾಲು’ ‘ಆಲು’ ಆಗುತ್ತದೆ, ‘ಹಕ್ಕಿ’ ‘ಅಕ್ಕಿ’ ಆಗುತ್ತದೆ. ಮಹಾಪ್ರಾಣಗಳೂ ಮನೆಮಾತಿನಲ್ಲಿ ವಿರಳ. ಇದು ದೋಷವಲ್ಲ; ಕನ್ನಡನಾಡಿನ ಎಷ್ಟೋ ಭಾಗಗಳ ಸಹಜ ನುಡಿಯ ಲಕ್ಷಣ. ಆದರೆ ಗ್ರಂಥಸ್ಥ ಕನ್ನಡವನ್ನು ಬರೆಯಲು ಕಲಿಯುವ ಮಗುವಿಗೆ ಈ ವ್ಯತ್ಯಾಸವನ್ನು ಕಿವಿಯಿಂದಲೇ ಕೊಡಬೇಕಾಗುತ್ತದೆ. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಇಲ್ಲಿನ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳು ಲಿಪಿಯನ್ನೂ ಕಲಿಯುತ್ತಾರೆ. ಆ ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಇರುವುದು ಒಂದೇ ಅಕ್ಷರ. ಹೀಗಿರುವಾಗ ಕನ್ನಡದ ಧ್ವನಿಭೇದಗಳನ್ನು ಉಳಿಸಿಕೊಡುವ ಹೊಣೆ ಶಿಕ್ಷಕರ ಉಚ್ಚಾರಣೆಯ ಮೇಲೂ ತರಗತಿಯಲ್ಲಿ ಕೇಳಿಸುವ ಧ್ವನಿಪಾಠಗಳ ಮೇಲೂ ಬೀಳುತ್ತದೆ. ಸೋಲಿಗ ಮತ್ತು ಊರಾಳಿ ಸಮುದಾಯಗಳ ಮಕ್ಕಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚಿನದು.

ಕಾಡಿನೊಳಗಿನ ಊರುಗಳಲ್ಲಿ ಜಾಲಸಂಪರ್ಕವನ್ನು ನೆಚ್ಚಿ ಪಾಠ ನಡೆಸಲಾಗದು. ಆದುದರಿಂದ ಅನೇಕ ಶಿಕ್ಷಕರು ಸಂಪರ್ಕ ದೊರೆತಲ್ಲಿ ಪಾಠವನ್ನು ಪರದೆಯ ಮೇಲೆ ನಡೆಸಿ, ದಾಖಲಿಸಿಕೊಂಡು, ಪೆನ್‌ಡ್ರೈವಿನಲ್ಲಿ ಶಾಲೆಗೆ ತರುತ್ತಾರೆ. ಸಾಮಾನ್ಯವಾಗಿ ಆಗುವ ತಪ್ಪು ಇಲ್ಲಿಯೇ. ಚಿತ್ರ ಪರದೆಯಿಂದ ನೇರವಾಗಿ ಬರುತ್ತದೆ. ಧ್ವನಿ ಮಾತ್ರ ಗಣಕದ ಸ್ಪೀಕರಿನಿಂದ ಹೊರಟು, ಕೊಠಡಿಯ ಗೋಡೆಗಳಿಗೆ ತಾಗಿ, ಅದೇ ಗಣಕದ ಮೈಕಿನ ಮೂಲಕ ಮತ್ತೆ ಒಳಸೇರುತ್ತದೆ. ಈ ಸುತ್ತುದಾರಿಯಲ್ಲಿ ಮೊದಲು ನಾಶವಾಗುವುದು ಹಕಾರದ ಉಸಿರು. ಲ್ಯಾಪ್‌ಟಾಪಿನ ಮೈಕಿನಲ್ಲಿರುವ ಗದ್ದಲ ತಗ್ಗಿಸುವ ಸೌಲಭ್ಯವು ಆ ಉಸಿರನ್ನು ಗದ್ದಲವೆಂದೇ ಬಗೆದು ಅಳಿಸುವುದುಂಟು. ಸಕಾರದ ಬಲವು ಬಹುಮಟ್ಟಿಗೆ 4,000 ಹರ್ಟ್ಸಿಗಿಂತ ಮೇಲಿನ ಕಂಪನಗಳಲ್ಲಿರುವುದರಿಂದ ಸ–ಶ ಭೇದವೂ ಮಸುಕಾಗುತ್ತದೆ. ದೊಡ್ಡವರು ಸಂದರ್ಭದಿಂದ ಪದವನ್ನು ಊಹಿಸಿಕೊಳ್ಳುವುದರಿಂದ ಅವರಿಗೆ ಈ ನಷ್ಟ ತಿಳಿಯುವುದೇ ಇಲ್ಲ. ಮಗುವಿಗೆ ಹಕ್ಕಿಯ ಚಿತ್ರದೊಡನೆ ‘ಅಕ್ಕಿ’ ಎಂದು ಕೇಳಿಸುತ್ತದೆ. ಅದು ಹಾಗೆಯೇ ಬರೆಯುತ್ತದೆ, ಕೆಂಪು ಗೆರೆಯನ್ನೂ ಪಡೆಯುತ್ತದೆ.

ಪರಿಹಾರವೆಂದರೆ ಧ್ವನಿಯು ಸ್ಪೀಕರನ್ನು ಮುಟ್ಟುವ ಮೊದಲೇ, ಗಣಕದ ಒಳಗೇ ಅದನ್ನು ಹಿಡಿಯುವುದು. ಇದನ್ನೇ ಒಳಧ್ವನಿಯ ದಾಖಲೆ ಎನ್ನುತ್ತಾರೆ. 2007ರ ವಿಸ್ಟಾದಿಂದೀಚೆಗೆ ವಿಂಡೋಸ್ ವ್ಯವಸ್ಥೆಯಲ್ಲಿ ಇದಕ್ಕೆ ದಾರಿಯಿದೆ. ಲಿನಕ್ಸ್ ಗಣಕಗಳಲ್ಲಿ ಧ್ವನಿಮೂಲಗಳ ಪಟ್ಟಿಯಲ್ಲಿ ‘ಮಾನಿಟರ್’ ಎಂಬ ಹೆಸರಿನದನ್ನು ಆರಿಸಿದರೆ ಸಾಕು. ವಿಂಡೋಸಿನೊಡನೆಯೇ ಬರುವ ಗೇಮ್ ಬಾರ್ ಒಂದು ಅನ್ವಯಕದ ಕಿಟಕಿಯನ್ನು ಮಾತ್ರ ದಾಖಲಿಸುತ್ತದೆ, ಇಡೀ ಪರದೆಯನ್ನಲ್ಲ. ಚಿಕ್ಕ ತುಣುಕುಗಳಿಗೆ ಅದು ಒದಗುತ್ತದೆ. ಪಾಠದ ತಯಾರಿಗೆ ಉಚಿತವಾಗಿ ದೊರೆಯುವ ಒಬಿಎಸ್ ಸ್ಟುಡಿಯೋ ತಂತ್ರಾಂಶವೇ ಯೋಗ್ಯ.

ಅದನ್ನು ತೆರೆದು, ‘ಸೋರ್ಸಸ್’ ಪಟ್ಟಿಗೆ ‘ಡಿಸ್‌ಪ್ಲೇ ಕ್ಯಾಪ್ಚರ್’ ಸೇರಿಸಿದರೆ ಪರದೆ ಕಾಣುತ್ತದೆ. ಕೆಳಗಿನ ಧ್ವನಿಫಲಕದಲ್ಲಿ ‘ಡೆಸ್ಕ್‌ಟಾಪ್ ಆಡಿಯೋ’ ಮತ್ತು ‘ಮೈಕ್’ ಎಂಬ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ಒಳಧ್ವನಿ, ಎರಡನೆಯದು ಶಿಕ್ಷಕರ ಮಾತು. ಪಾಠವನ್ನು ಚಾಲನೆ ಮಾಡಿದಾಗ ಮೊದಲ ಪಟ್ಟಿ ಅಲುಗಾಡಬೇಕು. ಅಲುಗಾಡದಿದ್ದರೆ ತಂತ್ರಾಂಶವು ಬೇರೊಂದು ಧ್ವನಿಸಾಧನವನ್ನು ಆಲಿಸುತ್ತಿದೆ ಎಂದರ್ಥ. ಆಗ ‘ಸೆಟ್ಟಿಂಗ್ಸ್’ನ ಆಡಿಯೋ ವಿಭಾಗದಲ್ಲಿ ಸರಿಯಾದುದನ್ನು ಆರಿಸಬೇಕು. ಶಿಕ್ಷಕರ ವಿವರಣೆ ಬೇಡವಾದ ಪಾಠದಲ್ಲಿ ಮೈಕನ್ನು ಮುಚ್ಚಿಬಿಡುವುದು ಉತ್ತಮ. ವಿವರಣೆ ಬೇಕೆಂದರೆ ಕಿವಿಗೆ ಹೆಡ್‌ಫೋನ್ ಧರಿಸಲೇಬೇಕು. ಇಲ್ಲವಾದರೆ ಸ್ಪೀಕರಿನ ಧ್ವನಿ ಮೈಕಿನಲ್ಲಿಯೂ ಸೇರಿ ಪ್ರತಿಯೊಂದು ಪದವೂ ಎರಡು ಬಾರಿ ಕೇಳಿಸುತ್ತದೆ. ಹೆಡ್‌ಫೋನ್ ತಂತಿಯದಾಗಿರಲಿ. ಬ್ಲೂಟೂತ್ ಸಾಧನದ ಮೈಕನ್ನು ಬಳಸಿದೊಡನೆ ಸಾಮಾನ್ಯವಾಗಿ ಅದು ದೂರವಾಣಿ ಮಟ್ಟದ ಧ್ವನಿಗೆ ಇಳಿಯುತ್ತದೆ.

ಎರಡೂ ಧ್ವನಿಗಳನ್ನು ಪ್ರತ್ಯೇಕ ಟ್ರ್ಯಾಕುಗಳಲ್ಲಿ ಇರಿಸುವ ಸೌಲಭ್ಯವೂ ಈ ತಂತ್ರಾಂಶದಲ್ಲಿದೆ. ಕಲಿಯಲು ಅರ್ಧ ದಿನ ಹಿಡಿದೀತು, ಆದರೂ ಬಿಡಬಾರದು. ಶಿಕ್ಷಕರು ಕೆಮ್ಮಿದರೆ ಇಡೀ ಪಾಠವನ್ನು ಮತ್ತೆ ದಾಖಲಿಸುವ ಕಷ್ಟ ಆಗ ತಪ್ಪುತ್ತದೆ. ಮಾತಿನ ಪಟ್ಟಿ ಹಳದಿಯಲ್ಲಿ ಆಡುತ್ತಿರಲಿ, ಕೆಂಪನ್ನು ಮುಟ್ಟಿ ನಿಲ್ಲದಿರಲಿ. ವಾಟ್ಸಾಪಿನ ಸೂಚನಾಧ್ವನಿಯೂ ಒಳಧ್ವನಿಯೇ ಆದ್ದರಿಂದ ಅದನ್ನು ಮೊದಲೇ ನಿಲ್ಲಿಸಬೇಕು.

ವಿದ್ಯುತ್ತು ಯಾವಾಗ ಹೋಗುತ್ತದೆಂದು ಹೇಳಲಾಗದ ಊರುಗಳಲ್ಲಿ ಕಡತದ ಬಗೆಯೂ ಮುಖ್ಯ. ಸಾಮಾನ್ಯ ಎಂಪಿ4 ಕಡತವು ಪೂರ್ಣಗೊಳ್ಳುವ ಮೊದಲೇ ಗಣಕ ಆರಿದರೆ ಬಹುತೇಕ ತೆರೆಯುವುದೇ ಇಲ್ಲ. ನಲವತ್ತು ನಿಮಿಷದ ಶ್ರಮ ಹೋದಂತೆಯೇ. ಎಂಕೆವಿ ಬಗೆಯಲ್ಲಿ ದಾಖಲಿಸಿದರೆ ಆ ಕ್ಷಣದವರೆಗಿನ ಭಾಗ ಉಳಿಯುತ್ತದೆ. ಅನಂತರ ‘ಫೈಲ್’ ಪಟ್ಟಿಯ ‘ರೀಮಕ್ಸ್’ ಮೂಲಕ ಅದನ್ನು ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಕುಂದುವುದಿಲ್ಲ.

ಗಣಕವಿಲ್ಲದ ಶಿಕ್ಷಕರಿಗೆ ಫೋನು ಸಾಲದೆಂದಲ್ಲ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಪರದೆ ದಾಖಲೆಯ ಸೌಲಭ್ಯ ವ್ಯವಸ್ಥೆಯಲ್ಲಿಯೇ ಇದೆ. ಅಲ್ಲಿ ಮೈಕಿಗೆ ಬದಲಾಗಿ ‘ಡಿವೈಸ್ ಆಡಿಯೋ’ ಆರಿಸಬೇಕು. ಕೆಲವು ಅನ್ವಯಕಗಳು ತಮ್ಮ ಧ್ವನಿಯನ್ನು ಹಿಡಿಯಲು ಅನುಮತಿಸುವುದಿಲ್ಲ. ಆಗ ಚಿತ್ರವಷ್ಟೇ ಬಂದು ಧ್ವನಿ ಮೌನವಾಗಿರುತ್ತದೆ. ಅದು ಫೋನಿನ ಕೆಡುಕಲ್ಲ, ಹಕ್ಕುದಾರರ ತಡೆ. ಅಂತಹ ತಡೆಯನ್ನು ಮೀರುವ ಉಪಾಯಗಳನ್ನು ಶಿಕ್ಷಕರು ಹುಡುಕಬಾರದು. ಬೋಧನೆಯ ಸಂದರ್ಭದಲ್ಲಿ ಕೃತಿಯನ್ನು ಪ್ರತಿಮಾಡಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಶಿಕ್ಷಕರಿಗೆ ಅವಕಾಶ ಕೊಟ್ಟಿದೆ. ಆ ಪ್ರತಿಯನ್ನು ಊರೆಲ್ಲ ಹಂಚುವುದು ಬೇರೆ ಮಾತು. ದೀಕ್ಷಾ ವೇದಿಕೆಯಲ್ಲಿರುವಂತೆ ಪಾಠವನ್ನು ಇಳಿಸಿಕೊಳ್ಳುವ ಗುಂಡಿಯೇ ಇದ್ದಲ್ಲಿ ದಾಖಲಿಸುವ ಶ್ರಮವೇ ಬೇಡ. ಮಕ್ಕಳ ದನಿ ಅಥವಾ ಮುಖವಿರುವ ನೇರ ತರಗತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ದಾಖಲಿಸಲೇಬಾರದು.

ಪಾಠವನ್ನು ತರಗತಿಗೆ ಒಯ್ಯುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ಹಕ್ಕಿ–ಅಕ್ಕಿ, ಹಾರು–ಆರು, ಧನ–ದನ, ಶಾಲು–ಸಾಲು ಎಂಬ ಜೋಡಿಗಳನ್ನು ಸ್ಪಷ್ಟವಾಗಿ ಓದಿ ಫೋನಿನಲ್ಲಿ ಮುದ್ರಿಸಿಕೊಂಡು, ಆ ಮುದ್ರಣವನ್ನು ಗಣಕದಲ್ಲಿ ನುಡಿಸಿ, ಮೇಲೆ ಹೇಳಿದ ಕ್ರಮದಲ್ಲಿಯೇ ದಾಖಲಿಸಬೇಕು. ಆ ದಾಖಲೆಯನ್ನು ಶಾಲೆಯ ಸ್ಪೀಕರಿನಲ್ಲಿ ಕೇಳಿಸಿ, ಹಿಂದಿನ ಬೆಂಚಿನ ನಾಲ್ಕು ಮಕ್ಕಳಿಂದ ಬರೆಸಬೇಕು. ತಪ್ಪು ಬಂದ ಪದವನ್ನು ಶಿಕ್ಷಕರು ತಾವೇ ಎದುರಿಗೆ ಉಚ್ಚರಿಸಿ ಮತ್ತೊಮ್ಮೆ ಬರೆಸಲಿ. ಎದುರಿನ ಮಾತಿಗೆ ಸರಿಯಾಗಿ ಬರೆದ ಮಗು ದಾಖಲೆಗೆ ತಪ್ಪಿದ್ದರೆ ಗಣಕದ ಜೋಡಣೆಯನ್ನೋ ಶಾಲೆಯ ಸ್ಪೀಕರನ್ನೋ ತಿದ್ದಬೇಕು. ಎರಡರಲ್ಲಿಯೂ ತಪ್ಪಿದರೆ ಯಂತ್ರವನ್ನು ಬದಿಗಿರಿಸಿ, ಆ ಜೋಡಿಯನ್ನು ಮರುದಿನದ ಮೌಖಿಕ ಪಾಠಕ್ಕೆ ತೆಗೆದುಕೊಳ್ಳಬೇಕು.